ಹೊಸ ಸ್ಪೀಕರು, ಹಳೇ ಬಾಗಿಲು

ನಮ್ಮ ಅಪ್ಪನಿಗೆ ಸಂಬಳ ಬರುವುದು ಕಿವಿಯಿಂದ. ನೀರು ಸರಬರಾಜು ಇಲಾಖೆಯಲ್ಲಿ ಅವರ ಕೆಲಸವೆಂದರೆ ನೆಲದೊಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವುದು. ಅದಕ್ಕಾಗಿ ಅವರ ಬಳಿ ಎದೆಯೆತ್ತರದ ಒಂದು ಕಬ್ಬಿಣದ ಕೋಲಿದೆ; ಅದರ ಮೇಲ್ತುದಿಯಲ್ಲಿ ಮರದ ಸಣ್ಣ ಬಟ್ಟಲು. ಕೋಲನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಮೂರಡಿ ಕೆಳಗೆ ನೀರು ಬಿಕ್ಕಿದರೂ ಅವರಿಗೆ ಕೇಳುತ್ತದೆ. ಕೇಳಿದ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಗುಣಾಕಾರದ ಗುರುತು ಹಾಕುತ್ತಾರೆ. ಮಾರನೆಯ ದಿನ ಅಗೆಯುವವರು ಬಂದು ಅಲ್ಲೇ ಅಗೆಯುತ್ತಾರೆ. ಇಪ್ಪತ್ತಾರು ವರ್ಷಗಳಲ್ಲಿ ಅಪ್ಪನ ಗುರುತು ಒಂದು ಗೇಣು ಕೂಡ ಆಚೀಚೆ ಆಗಿಲ್ಲವೆಂದು ಇಲಾಖೆಯಲ್ಲಿ ಪ್ರತೀತಿ. ಮನೆಯಲ್ಲಿ ಅಮ್ಮ ಮೂರು ಸಲ ಕೂಗಿದರೆ ಮಾತ್ರ ಕೇಳಿಸುವುದಿಲ್ಲ. ಅದು ಬೇರೆ ಇಲಾಖೆ.

ಇಂಥ ಕಿವಿಗೆ ಅವಮಾನ ಮಾಡಿದವರು ನನ್ನ ಸೋದರತ್ತೆಯ ಗಂಡ. ಅವರು ವಾಹನ ಓಡಿಸುವುದನ್ನು ಕಲಿಸುವ ಶಾಲೆ ನಡೆಸುತ್ತಾರೆ, ಆದ್ದರಿಂದ ನನಗೆ ಅವರು ಡ್ರೈವಿಂಗ್ ಮಾವ. ಅವರ ಕಾರು ಸರ್ವೀಸಿಗೆ ಹೋಗಿದ್ದ ಒಂದು ಭಾನುವಾರ ಅತ್ತೆ, ಮಾವ ಇಬ್ಬರೂ ನಮ್ಮ ಹಳೇ ಕಾರಿನಲ್ಲಿ ಕೂರಬೇಕಾಗಿ ಬಂತು. ಅಪ್ಪ ಹುರುಪಿನಿಂದ ತಮ್ಮ ಮೆಚ್ಚಿನ ಹಾಡು ಹಾಕಿದರು. ಮಾವ ಎರಡು ಸಾಲು ಕೇಳಿದರು, ಮೂರನೆಯ ಸಾಲಿಗೆ ಮುಖ ಹಿಂಡಿದರು.

"ಏನಯ್ಯಾ ಭಾವಮೈದ, ಹಾಡೋರನ್ನ ಡಬ್ಬಿಯೊಳಗೆ ಕೂರಿಸಿ ಮುಚ್ಚಳ ಹಾಕಿದಾರಾ?"

"ಯಾಕೆ ಭಾವ? ಚೆನ್ನಾಗೇ ಇದೆಯಲ್ಲ."

"ಚೆನ್ನಾಗಿದೆಯಂತೆ! ಕಾರು ಮಾಡಿದೋರು ಜೊತೆಗೆ ಇರಲಿ ಅಂತ ಅಂಟಿಸಿದ ಸ್ಪೀಕರ್ ಕಣಯ್ಯ ಇದು. ಭೂಮಿಯೊಳಗಿಂದು ಕೇಳುತ್ತೆ ಅಂತೀಯ, ಮೂಗಿನ ಮುಂದಿಂದು ಕೇಳಲ್ವಾ?"

ಅತ್ತೆ ನಕ್ಕರು. ಅದನ್ನು ಅಪ್ಪ ನುಂಗಿಕೊಂಡರು. ಆಮೇಲೆ ಅಮ್ಮನೂ ನಕ್ಕರು. ಅಲ್ಲಿಗೆ ಅಪ್ಪ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಹಿಂದಕ್ಕೆ ತಿರುಗಿ, ತೂಕವಾಗಿ ಹೇಳಿದರು: "ಹದಿನೈದು ದಿನ ಕೊಡಿ ಭಾವ. ಇದೇ ಕಾರು, ಇದೇ ಹಾಡು. ನಿಮ್ಮ ಕಾರಿಗಿಂತ ಚೆನ್ನಾಗಿ ಕೇಳಿಸದೆ ಇದ್ರೆ ಈ ಕಾರೇ ನಿಮಗೆ."

ಮಾವನ ಕಣ್ಣು ಮಿಂಚಿತು. ಆ ಕಾರಿನ ಮೇಲೆ ಅವರಿಗೆ ಎರಡು ವರ್ಷಗಳಿಂದ ಆಸೆ. ಹೊಸದಾಗಿ ಕಲಿಯುವವರು ಗೋಡೆಗೆ ಗುದ್ದಿ, ಕಂಬಕ್ಕೆ ಉಜ್ಜಿ ಕೈ ಪಳಗಿಸಿಕೊಳ್ಳಲು ಅವರ ಶಾಲೆಗೆ ಅಂಥದ್ದೊಂದು ಬೇಕಾಗಿತ್ತು. "ಮಾತು ಮಾತೇ ತಾನೆ?" ಎಂದರು. "ಮಾತು ಮಾತೇ," ಎಂದರು ಅಪ್ಪ. ತೀರ್ಪು ಹೇಳಲು ನಮ್ಮ ಬೀದಿಯ ಕೊನೆಮನೆಯ ಸಂಗೀತದ ಟೀಚರ್ ಆಗಬಹುದೆಂದು ಇಬ್ಬರೂ ಒಪ್ಪಿದರು. ಶ್ರುತಿ ಸೇರುತ್ತಿಲ್ಲವೆಂದು ಬಾಗಿಲ ಗಂಟೆಯನ್ನೇ ಮೂರು ಸಲ ಬದಲಾಯಿಸಿದ ಹೆಂಗಸು ಅವರು.

ಅಮ್ಮ ಮನೆಗೆ ಬಂದ ಮೇಲೆ ಬಾಯಿ ಬಿಟ್ಟರು. "ರೀ, ದಿನಾ ಆ ಕಾರಲ್ಲಿ ಬಟ್ಟೆ ಗಂಟು ಹಾಕ್ಕೊಂಡು ಹೊಲಿಗೆ ಅಂಗಡಿಗೆ ಹೋಗೋಳು ನಾನು. ಪಂದ್ಯಕ್ಕೆ ಇಡೋವಾಗ ನನ್ನ ಒಂದು ಮಾತು ಕೇಳಬಾರದಾ?"

"ಸೋತರೆ ತಾನೆ ಕಾರು ಹೋಗೋದು?"

"ಅದಕ್ಕೇ ಕೇಳಿದ್ದು," ಎಂದರು ಅಮ್ಮ.

ಸ್ಪೀಕರ್ ಅಂಗಡಿಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಅಂಗಡಿಯವನು ಒಳ್ಳೆಯವನು. "ನಾವೇ ಕೂರಿಸಿ ಕೊಡ್ತೀವಿ ಸಾರ್, ಎರಡು ಗಂಟೆ ಕೆಲಸ," ಎಂದ.

"ಬೇಡಪ್ಪ. ನಮ್ಮ ಕಾರನ್ನ ನಾವೇ ಬಿಚ್ಚಬೇಕು."

"ಹಾಗಾದ್ರೆ ಈ ದಪ್ಪ ಹಾಳೆನಾದ್ರೂ ತಗೊಂಡ್ಹೋಗಿ. ಬಾಗಿಲ ತಗಡಿನ ಒಳಗಡೆ ಅಂಟಿಸಬೇಕು. ಇಲ್ಲಾಂದ್ರೆ ಸ್ಪೀಕರ್ ಜೋರಿಗೆ ತಗಡು ಅದುರುತ್ತೆ."

"ಅದುರಿದ್ರೆ ಕಂಡುಹಿಡಿಯೋಕೆ ನನಗೆ ಕಿವಿ ಇದೆ."

"ಅದೇ ಸಾರ್ ತೊಂದ್ರೆ," ಎಂದ ಅಂಗಡಿಯವನು. ಅಪ್ಪನಿಗೆ ಅದು ಹೊಗಳಿಕೆಯಂತೆ ಕೇಳಿಸಿತು.

ಕಾರಿನ ಬಾಗಿಲಿನ ಒಳಹೊದಿಕೆ ಹನ್ನೊಂದು ಪ್ಲಾಸ್ಟಿಕ್ ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ. ಅಪ್ಪ ಎಳೆದಾಗ ಹನ್ನೊಂದೂ ಒಂದಾದ ಮೇಲೊಂದು ಟಕ್ ಎಂದು ಮುರಿದವು. ಪ್ರತಿ ಟಕ್ಕಿಗೂ ಅಪ್ಪ "ಇದು ಹೀಗೇ ಬರೋದು" ಎಂದರು. ನಾಲ್ಕು ಬಾಗಿಲಿಗೆ ಒಟ್ಟು ನಲವತ್ತನಾಲ್ಕು ಸಲ ಅದು ಹಾಗೇ ಬಂತು. ಒಳಗೆ ನೋಡಿದರೆ ಹಳೇ ಸ್ಪೀಕರಿನ ತೂತು ಮೊಟ್ಟೆಯಾಕಾರ, ಹೊಸ ಸ್ಪೀಕರು ದುಂಡಗೆ. ಎರಡನ್ನೂ ಹೊಂದಿಸಲು ಮರದ ಬಳೆ ಬೇಕಾಯಿತು. ಅಮ್ಮ ಅಂಗಡಿಯಲ್ಲಿದ್ದಾಗ ಅವರು ಬಟ್ಟೆ ಕತ್ತರಿಸುವ ಹಲಗೆಯಿಂದ ನಾಲ್ಕು ಬಳೆಗಳು ಹೊರಬಂದವು. ಆ ವಾರ ಅಮ್ಮನ ಕತ್ತರಿ ನಾಲ್ಕು ತೂತುಗಳ ನಡುವೆ ದಾರಿ ಹುಡುಕಿಕೊಂಡು ಹೋಗಬೇಕಾಯಿತು. ಅಮ್ಮನ ಮಾತು ಮಾತ್ರ ನೇರವಾಗಿಯೇ ಬಂತು.

ಹತ್ತನೆಯ ದಿನ ಎಲ್ಲವೂ ಕೂತಿತು. ಅಪ್ಪ ಅಮ್ಮನನ್ನೂ ನನ್ನನ್ನೂ ಕಾರಿನಲ್ಲಿ ಕೂರಿಸಿ, ಗಂಟಲು ಸರಿಮಾಡಿಕೊಂಡು, ತಾವೇ ಹಾಡುವವರಂತೆ ಗುಂಡಿ ಒತ್ತಿದರು. ಮೊದಲ ಸಾಲು ಕೇಳಿದಾಗ ನಿಜಕ್ಕೂ ಮೈ ಜುಮ್ಮೆಂದಿತು. ಆಮೇಲೆ ಡೋಲು ಬಂತು. ಡೋಲಿನ ಮೊದಲ ಪೆಟ್ಟಿಗೆ ನಾಲ್ಕು ಬಾಗಿಲೂ ಝರ್ರ್ ಎಂದವು. ಹಾಡುವವರು ಡಬ್ಬಿಯಿಂದ ಹೊರಗೆ ಬಂದಿದ್ದರು, ಸುಳ್ಳಲ್ಲ; ಬರುವಾಗ ಡಬ್ಬಿಯನ್ನೂ ಜೊತೆಗೆ ತಂದಿದ್ದರು.

"ಅಪ್ಪಾ, ಆ ಹಾಳೆ..." ಎಂದೆ ನಾನು.

"ಹಾಳೆ ಅಂಟಿಸೋದು ಕಿವಿ ಇಲ್ಲದೋರು. ಬರ್ಕೋ."

ನನಗೆ ಬರೆಯುವ ಚಾಳಿ ಇದೆಯೆಂದು ಅಪ್ಪ ನನ್ನನ್ನು ಗುಮಾಸ್ತೆ ಮಾಡಿದರು. ಎಲ್ಲಿ ಅದುರುತ್ತದೆ, ಯಾವ ಪೆಟ್ಟಿಗೆ ಅದುರುತ್ತದೆ, ಎಲ್ಲವೂ ನನ್ನ ಪುಸ್ತಕದಲ್ಲಿ ಬಂತು. ಗಾಜು ಇಳಿಸುವ ಹಿಡಿಗಳು ಅದುರುತ್ತಿದ್ದವು. ನಾಲ್ಕನ್ನೂ ಕಿತ್ತು ಅಡುಗೆಮನೆಯ ಡಬ್ಬಿಗೆ ಹಾಕಿದರು. ಕಾರು ನಿಲ್ಲುವುದು ಬೀದಿಯಲ್ಲಿ, ನಮ್ಮ ಕಾಂಪೌಂಡ್ ಗೋಡೆಯ ಪಕ್ಕಕ್ಕೆ. ಗೋಡೆ ಕಡೆಯ ಹಿಂದಿನ ಬಾಗಿಲನ್ನು ಅಮ್ಮ ಭುಜದಿಂದ ಒತ್ತಿ ಹಿಡಿದರೆ ಆ ಬಾಗಿಲು ಸುಮ್ಮನಾಗುತ್ತಿತ್ತು. ನಾನು ಎರಡು ಮೊಣಕಾಲು ಊರಿದರೆ ಮುಂದಿನದೂ ಸುಮ್ಮನಾಗುತ್ತಿತ್ತು.

"ಸಿಕ್ತು!" ಎಂದು ಅಪ್ಪ ಚಪ್ಪಾಳೆ ತಟ್ಟಿದರು. "ಭಾನುವಾರ ಟೀಚರ್ ಬಂದಾಗ ನೀವಿಬ್ಬರೂ ಹೀಗೇ ಕೂತಿರಿ."

"ನಾನು ನಿಮ್ಮ ಹೆಂಡತಿ ಕಣ್ರೀ," ಎಂದರು ಅಮ್ಮ, ಭುಜ ಉಜ್ಜಿಕೊಳ್ಳುತ್ತಾ, "ಬಾಗಿಲಿನ ಬಿಡಿಭಾಗ ಅಲ್ಲ."

ಹೆಂಡತಿ ಮಗಳು ಕೈಬಿಟ್ಟರೆ ಗಂಡಸಿಗೆ ಉಳಿಯುವುದು ತನ್ನ ಕಸುಬು. ಶುಕ್ರವಾರ ಬೆಳಿಗ್ಗೆ ಅಪ್ಪ ರಜೆ ಹಾಕಿ, ಇಲಾಖೆಯ ಖಾಕಿ ಅಂಗಿ ತೊಟ್ಟು (ಮಣ್ಣಾದರೆ ಅದೇ ಆಗಲಿ ಎಂದು) ಆಲಿಸುವ ಕೋಲು ಹಿಡಿದು ಬೀದಿಗೆ ಇಳಿದರು. ಕಾರಿನೊಳಗೆ ನಾನು ಹಾಡನ್ನು ಸಣ್ಣಗೆ ಹಾಕಿದ್ದೆ. ಅಪ್ಪ ರಸ್ತೆಯ ಮೇಲೆ ಮಂಡಿಯೂರಿ, ಕೋಲಿನ ತುದಿಯನ್ನು ಬಾಗಿಲ ಕೆಳಅಂಚಿಗೆ ತಾಗಿಸಿ, ಬಟ್ಟಲಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದರು. ರಸ್ತೆ ಕಡೆಯ ಮುಂದಿನ ಬಾಗಿಲಲ್ಲಿ ಒಂದು ಕಡೆ, ಹಿಂದಿನದರಲ್ಲಿ ಒಂದು ಕಡೆ ಅದುರು ಸಿಕ್ಕಿತು. ಬಾಗಿಲಿನ ಬಣ್ಣ ಕೆಡಬಾರದೆಂದು, ಸೀಮೆಸುಣ್ಣದ ಗುರುತುಗಳನ್ನು ಅದರ ನೇರಕ್ಕೆ ಒಂದಡಿ ಆಚೆ ರಸ್ತೆಯ ಮೇಲೆ ಹಾಕಿದರು.

ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಪೇಪರ್ ಓದುತ್ತಿದ್ದವರು ಎದ್ದು ಬಂದರು. ಅವರ ಕಡೆಯಿಂದ ಕಾಣುತ್ತಿದ್ದದ್ದು ಖಾಕಿ ಅಂಗಿ, ಕೋಲು, ರಸ್ತೆಯ ಮೇಲಿನ ಗುರುತು, ಇಷ್ಟೇ.

"ಏನ್ ಸಾರ್, ನಮ್ಮ ಬೀದೀಲೇನಾ?"

"ಶ್!" ಎಂದರು ಅಪ್ಪ ಕಣ್ಣು ತೆರೆಯದೆ. "ಇಲ್ಲೇ ಇದೆ. ಎರಡು ಕಡೆ."

"ದೊಡ್ಡದಾ?"

"ಈಗ ಸಣ್ಣದು. ಹೀಗೇ ಬಿಟ್ರೆ ಎಲ್ಲಾ ಹೋಗುತ್ತೆ."

"ಯಾವಾಗ ಹೋಗಬಹುದು?"

"ಭಾನುವಾರ," ಎಂದರು ಅಪ್ಪ ನಿಟ್ಟುಸಿರುಬಿಟ್ಟು. ಕಾರು ಹೋಗುವ ದಿನ ಅವರ ಕಣ್ಣ ಮುಂದೆಯೇ ಇತ್ತು. "ನೋಡಿ, ಇದು ಯಾರ ಕಿವಿಗೂ ಬೀಳಬಾರದು."

ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿ ಸವೆದ ಜೀವ ಅದು. ಕೈಗೆ ಬಂದದ್ದನ್ನು ವಿಳಾಸಕ್ಕೆ ಮುಟ್ಟಿಸದೆ ಊಟ ಮಾಡುವವರಲ್ಲ. ಮಧ್ಯಾಹ್ನದೊಳಗೆ ಬೀದಿಯ ಅರವತ್ತು ಮನೆಗಳಿಗೂ ಬಟವಾಡೆ ಆಯಿತು: ಪೈಪು ಎರಡು ಕಡೆ ಸೋರುತ್ತಿದೆ, ಭಾನುವಾರ ನೀರೇ ಇಲ್ಲ, ಗುಟ್ಟು.

ಶನಿವಾರ ಬೆಳಿಗ್ಗೆ ಬೀದಿಯ ನಲ್ಲಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಬಿಂದಿಗೆ, ಬಕೆಟ್ಟು, ಪಾತ್ರೆ, ಕೊನೆಗೆ ಒಬ್ಬರ ಮನೆಯಲ್ಲಿ ಹೂದಾನಿ. ಅಮ್ಮನೂ ಹಂಡೆ ತುಂಬಲು ನಿಂತರು. ಅಪ್ಪ ಬಾಗಿಲ ತಿರುಪು ಬಿಗಿಯುತ್ತಿದ್ದವರು ಕೇಳಿದರು:

"ಏನೇ ಇದು, ಸಮುದ್ರ ತುಂಬ್ತಿದೀಯ?"

"ನಾಳೆ ನೀರು ಬರಲ್ವಂತೆ. ಬೀದಿಯೆಲ್ಲ ಹೇಳ್ತಿದೆ."

ಅಪ್ಪ ಒಂದು ಗಳಿಗೆ ಯೋಚಿಸಿದರು. "ನೋಡಿದ್ಯಾ? ಇಲಾಖೆಯಲ್ಲಿರೋ ನನಗೇ ಯಾರೂ ಹೇಳಿಲ್ಲ. ಈ ಡ್ರಮ್ಮೂ ತುಂಬಿಬಿಡು," ಎಂದು ತಾವೇ ಡ್ರಮ್ಮು ಉರುಳಿಸಿಕೊಂಡು ಬಂದು ಕೊಟ್ಟರು.

ಅರವತ್ತು ಮನೆಯ ನಲ್ಲಿ ಒಟ್ಟಿಗೆ ಬಿಟ್ಟರೆ ಪೈಪಿನಲ್ಲಿ ಏನುಳಿದೀತು? ಸಂಜೆಗೆ ನೀರು ದಾರದಷ್ಟಾಯಿತು. ದೂರಿನ ಮೇಲೆ ದೂರು ಹೋಗಿ ಇಲಾಖೆಯ ಇಂಜಿನಿಯರ್ ಸಾಹೇಬರೇ ಬಂದರು. ಒತ್ತಡ ಅಳೆದರು, ಹೌಹಾರಿದರು. ಆಗ ಪೋಸ್ಟ್‌ಮಾಸ್ಟರು ಅವರನ್ನು ಕರೆದುಕೊಂಡು ಹೋಗಿ ನಮ್ಮ ಕಾರಿನ ಪಕ್ಕದ ಎರಡು ಗುರುತುಗಳನ್ನು ತೋರಿಸಿದರು. ಸಾಹೇಬರಿಗೆ ಅಪ್ಪನ ಕೈಯ ಗುರುತು ಎಲ್ಲಿ ಕಂಡರೂ ಗೊತ್ತಾಗುತ್ತದೆ.

ಅಪ್ಪ ಅದೇ ಹೊತ್ತಿಗೆ ಅದುರುವ ಕಡೆ ತುರುಕಲು ಸ್ಪಂಜು ಪಟ್ಟಿ ಹುಡುಕಿಕೊಂಡು ಪೇಟೆಗೆ ಹೋಗಿದ್ದರು. ಸಿಗದೆ, ರಾತ್ರಿ ನಾವೆಲ್ಲ ಮಲಗಿದ ಮೇಲೆ ಬಂದು, ಭಾನುವಾರ ಬೆಳಗಾಗುತ್ತಲೇ ಇನ್ನೊಂದು ಪೇಟೆಗೆ ಹೋದರು, ಬಸ್ಸಿನಲ್ಲಿ. ಕಾರಿನ ಕೀಲಿ ಅವರ ಜೇಬಿನಲ್ಲಿತ್ತು. ಅವರು ಹೋದ ಹತ್ತು ನಿಮಿಷಕ್ಕೆ ಅಗೆಯುವವರು ಬಂದರು.

"ಕಾರು ತೆಗೀರಮ್ಮ," ಎಂದ ಮೇಸ್ತ್ರಿ.

"ಕೀಲಿ ಇಲ್ಲವಲ್ಲಪ್ಪ."

"ಹಾಗಾದ್ರೆ ಇರಲಿ ಬಿಡಿ. ಗುರುತು ಇರೋದು ರಸ್ತೆ ಮೇಲೆ, ಕಾರಿನ ಮೇಲಲ್ಲ."

"ಸ್ವಲ್ಪ ತಡೀರಿ, ಅವರು ಬಂದುಬಿಡಲಿ," ಎಂದರು ಅಮ್ಮ.

"ಅವರ ಗುರುತಿಗೆ ಅವರನ್ನೇ ಕೇಳೋದಾ? ಒಂದು ಗೇಣೂ ತಪ್ಪಲ್ಲ ಅಮ್ಮ ಅವರದ್ದು," ಎಂದು ಮೇಸ್ತ್ರಿ ಗುದ್ದಲಿ ಎತ್ತಿದ. ರಸ್ತೆಯ ಉಳಿದರ್ಧ ವಾಹನಗಳಿಗೆ ಬಿಡಬೇಕೆಂದು ಆದೇಶವಿತ್ತು. ಆದ್ದರಿಂದ ಅಗೆದ ಮಣ್ಣೆಲ್ಲ ಕಾರಿನ ಕಡೆಗೇ ಬಂತು. ಗೋಡೆಗೂ ಕಾರಿಗೂ ನಡುವಿನ ಸಂದಿ ಮೊದಲು ತುಂಬಿತು, ಆಮೇಲೆ ರಸ್ತೆ ಕಡೆಯ ಬಾಗಿಲುಗಳು ಅರ್ಧಕ್ಕೆ ಮುಚ್ಚಿದವು. ಅಪ್ಪ ಸ್ಪಂಜಿನ ಸುರುಳಿ ಕಂಕುಳಲ್ಲಿಟ್ಟುಕೊಂಡು ಹತ್ತು ಗಂಟೆಗೆ ಬಂದು ನೋಡಿದಾಗ, ಹತ್ತಡಿ ಉದ್ದದ ಕಾಲುವೆಯ ಆಚೆ ಅವರ ಕಾರು ಮೊಟ್ಟೆಯಿಡುವ ಆಮೆಯ ಹಾಗೆ ಮಣ್ಣಿನಲ್ಲಿ ಕೂತಿತ್ತು.

ಸಾಹೇಬರು ಅಪ್ಪನ ಕೈ ಹಿಡಿದು ಕುಲುಕಿದರು. "ರಜೆಯಲ್ಲೂ ಸ್ವಂತ ಬೀದಿಗೆ ಕಿವಿ ಕೊಟ್ಟಿದೀರಲ್ಲ! ನಿಮ್ಮಂಥೋರು ನಾಲ್ಕು ಜನ ಇದ್ರೆ ಸಾಕು."

"ಸಾರ್, ಆ ಗುರುತು..."

"ವಿನಯ ಬೇಡ."

"ವಿನಯ ಅಲ್ಲ ಸಾರ್. ಅದು ಪೈಪಿನದ್ದಲ್ಲ, ಅದು..."

ಅಷ್ಟರಲ್ಲಿ ಮಾವನ ಕಾರು ಬಂದು ನಿಂತಿತು. ಮಾವ, ಅತ್ತೆ, ಹಿಂದಿನ ಸೀಟಿನಿಂದ ಸಂಗೀತದ ಟೀಚರ್ ಇಳಿದರು. ಬಾಗಿಲು ಅದುರುತ್ತದೆಂದು ಆಗ ಬಾಯಿಬಿಟ್ಟರೆ ಪಂದ್ಯ ಅಲ್ಲೇ ಮುಗಿದಂತೆ. ಅಪ್ಪನ ಬಾಯಿ ಎರಡು ಸಲ ತೆರೆದು ಮೂರನೆಯ ಸಲಕ್ಕೆ ಮುಚ್ಚಿತು. ಮುಚ್ಚಿದ ಬಾಯಿಯ ಮೇಲೆ ನಿಧಾನವಾಗಿ ಹಟ ಬಂದು ಕೂತಿತು.

"ಮಾತು ಮಾತೇ," ಎಂದರು. "ಒಂದು ಹಲಗೆ ಹಾಕ್ರಪ್ಪ ಕಾಲುವೆಗೆ."

"ಈ ಸ್ಥಿತೀಲಾ?" ಎಂದು ಮಾವ ನಕ್ಕರು. "ಕಾರು ನೆಟ್ಟಿದೀಯೋ, ಕಿತ್ತಿದೀಯೋ?"

ಟೀಚರ್ ಮಾವನ ಕಾರಿನಲ್ಲಿ ಒಂದು ಸುತ್ತು ಹೋಗಿ ಬರುವಾಗಲೇ ಹಾಡು ಕೇಳಿಯಾಗಿತ್ತು. "ಪರವಾಗಿಲ್ಲ," ಎಂದರು, "ಹಾಡಿಗಿಂತ ಸೀಟಿನ ವಾಸನೆ ಮುಂದಿದೆ." ಮೇಸ್ತ್ರಿ ಓಡಿಸುವವರ ಬಾಗಿಲಿನ ಮುಂದಿನ ಮಣ್ಣು ಕೆರೆದು ಕೊಟ್ಟ. ಮಾವ ತೆವಳಿ ಹಿಂದಕ್ಕೆ ಹೋದರು, ಅಪ್ಪ ಪಕ್ಕದ ಸೀಟಿಗೆ ಜಾರಿದರು, ಟೀಚರ್ ಹಲಗೆ ದಾಟಿ ಚಕ್ರದ ಮುಂದೆ ನ್ಯಾಯಾಧೀಶರಂತೆ ಕೂತು ಬಾಗಿಲು ಎಳೆದುಕೊಂಡರು. ನಾನು, ಅಮ್ಮ, ಅತ್ತೆ ಮೆಟ್ಟಿಲ ಮೇಲೆ ನಿಂತೆವು.

ಹಾಡು ಶುರುವಾಯಿತು. ಡೋಲು ಬಂತು. ಅದುರಲಿಲ್ಲ! ಮೂರು ಬಾಗಿಲನ್ನು ಎರಡು ಗಾಡಿ ಮಣ್ಣು ಅಪ್ಪಿಕೊಂಡಿತ್ತು, ನಾಲ್ಕನೆಯದನ್ನು ಟೀಚರ್ ಮೊಣಕೈ ಊರಿ ಕಾಯುತ್ತಿದ್ದರು. ದನಿ ಜೇನಿನ ಹಾಗೆ ಇಳಿಯುತ್ತಿತ್ತು. ಟೀಚರ್ ಕಣ್ಣು ಮುಚ್ಚಿದರು. ಮಾವನ ಮುಖ ಉದ್ದವಾಯಿತು. ಅಪ್ಪನ ಮುಖದಲ್ಲಿ ನಾನು ಹುಟ್ಟಿದಾಗಲೂ ಅಂಥ ಕಳೆ ಇರಲಿಲ್ಲವೆಂದು ಅಮ್ಮ ಆಮೇಲೆ ಹೇಳಿದರು.

ಇತ್ತ ಕಾಲುವೆಯೊಳಗಿನಿಂದ ಮೇಸ್ತ್ರಿ ಕೂಗಿದ: "ಸಾರ್, ಪೈಪಿನ ಸುತ್ತ ಒಣಗಿದೆ! ಒಂದು ಹನಿಯೂ ಸೋರ್ತಿಲ್ಲ. ಮುಚ್ಚಿಬಿಡ್ಲಾ?"

ಸಾಹೇಬರು ತಲೆ ಕೆರೆದುಕೊಳ್ಳುತ್ತಿದ್ದಂತೆ ಆಳುಗಳು ಕಾರಿನ ಪಕ್ಕದ ಮಣ್ಣನ್ನು ಕಾಲುವೆಗೆ ಎಳೆಯತೊಡಗಿದರು. ನಾಲ್ಕು ಗುದ್ದಲಿ ಎಳೆದರು, ಹಿಂದಿನ ಬಾಗಿಲು ಬತ್ತಲೆಯಾಯಿತು, ಕಾರು ಝರ್ರ್ ಎಂದಿತು. ಟೀಚರ್ ಒಂದು ಕಣ್ಣು ತೆರೆದರು.

ಅಪ್ಪ ಗಾಜಿಗೆ ಎರಡು ಕೈಯಿಂದ ಬಡಿದು, ಮಣ್ಣನ್ನು ತೋರಿಸಿ, ಬಾಗಿಲನ್ನು ತೋರಿಸಿ, ವಾಪಸ್ ಹಾಕಿ ಎಂದು ಕೈಸನ್ನೆ ಮಾಡಿದರು. ಮೊದಲು ಅರ್ಥವಾದದ್ದು ಅಮ್ಮನಿಗೆ. ನಾಳೆಯಿಂದ ಬಟ್ಟೆ ಗಂಟು ತಲೆಯ ಮೇಲೋ ಕಾರಿನಲ್ಲೋ ಎಂಬುದು ಆ ಒಂದು ಕ್ಷಣದಲ್ಲಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಮಣ್ಣು ಹಾಕ್ರೋ!" ಎಂದು ಕೂಗುತ್ತಾ ಬಕೆಟ್ಟು ಹಿಡಿದು ಧಾವಿಸಿದರು. ನಾನೂ ಓಡಿದೆ. ಪೋಸ್ಟ್‌ಮಾಸ್ಟರು, ಯಾಕೆಂದು ಕೇಳದೆ, ಮೊರದಲ್ಲಿ ಹಾಕಿದರು. ಇಡೀ ಬೀದಿಗೇ ಇದು ಪೈಪು ಉಳಿಸುವ ಕೆಲಸವೆಂದು ನಂಬಿಕೆ. ಗುದ್ದಲಿ, ಸಲಿಕೆ, ತಟ್ಟೆ, ಸಿಕ್ಕಿದ್ದರಲ್ಲಿ ಮಣ್ಣು ಸುರಿದರು. ಸಲಿಕೆ ಬಾಗಿಲಿಗೆ ತಾಗಿದರೂ, ಬಕೆಟ್ಟು ಬಾನೆಟ್ಟಿಗೆ ಕುಟ್ಟಿದರೂ ಲೆಕ್ಕಿಸಲಿಲ್ಲ. ಐದು ನಿಮಿಷದಲ್ಲಿ ಕಾರು ಗಾಜಿನ ಅಂಚಿನವರೆಗೆ ಹೂತುಹೋಯಿತು. ಝರ್ರ್ ನಿಂತಿತು. ಹಾಡು ಮುಗಿಯಿತು. ಟೀಚರ್ ತೃಪ್ತಿಯಿಂದ ತಲೆಯಾಡಿಸಿ ಬಾಗಿಲು ತಳ್ಳಿದರು.

ಬಾಗಿಲು ಅಲುಗಲಿಲ್ಲ.

ಮಾವ ತಳ್ಳಿದರು. ಅಪ್ಪ ತಳ್ಳಿದರು. ಗಾಜು ಇಳಿಸಲು ಟೀಚರ್ ಹಿಡಿಗಾಗಿ ಕೈಯಾಡಿಸಿದರು. ಹಿಡಿಗಳು ನಮ್ಮ ಅಡುಗೆಮನೆಯ ಡಬ್ಬಿಯಲ್ಲಿದ್ದವು. ಅಷ್ಟರಲ್ಲಿ ಹಾಡು ತಾನಾಗಿಯೇ ಮೊದಲಿನಿಂದ ಶುರುವಾಯಿತು. ಅಪ್ಪ ಪೆನ್‌ಡ್ರೈವಿಗೆ ಹಾಕಿದ್ದೇ ಅದೊಂದು ಹಾಡನ್ನು.

"ತೆಗೀರಪ್ಪ ಬೇಗ!" ಎಂದರು ಅತ್ತೆ.

"ನಮಗೆ ಆದೇಶ ಇರೋದು ಪೈಪು ತೆಗೆಯೋಕೆ," ಎಂದ ಮೇಸ್ತ್ರಿ. "ಜನರನ್ನ ತೆಗೆಯೋಕೆ ಸಾಹೇಬರು ಹೇಳಬೇಕು."

ಸಾಹೇಬರು ಗಾಜಿನ ಹತ್ತಿರ ಬಗ್ಗಿ, "ಸೋರಿಕೆ ಎಲ್ಲಿ?" ಎಂದು ಕೇಳಿದರು. ಅಪ್ಪ ಒಳಗಿನಿಂದ ಎಲ್ಲವನ್ನೂ ಒಪ್ಪಿಕೊಂಡರಂತೆ: ಕೋಲು, ಬಾಗಿಲು, ಹಾಳೆ, ಅಂಗಡಿಯವನ ಮಾತು, ಒಂದನ್ನೂ ಬಿಡದೆ. ಹೊರಗಿನವರಿಗೆ ಕಂಡದ್ದು ಆಡುವ ಬಾಯಿ, ಕೇಳಿದ್ದು ಹಾಡು. ಅಪ್ಪ ಬಾಗಿಲ ಬುಡವನ್ನು ತೋರಿಸಿದರು. "ಇನ್ನೂ ಕೆಳಗಂತೆ," ಎಂದರು ಸಾಹೇಬರು.

ಅಷ್ಟರಲ್ಲಿ ಪೋಸ್ಟ್‌ಮಾಸ್ಟರ ಹೆಂಡತಿ ಕಿಟಕಿಯಿಂದ ಕೂಗಿದರು, "ನೀರು ಬಂತು! ಜೋರಾಗಿ ಬಂತು!" ಬರದೆ ಏನು? ಬೀದಿಯಲ್ಲಿ ತುಂಬಿಸಲು ಒಂದು ಲೋಟವೂ ಉಳಿದಿರಲಿಲ್ಲ, ನಲ್ಲಿಗಳೆಲ್ಲ ಬಂದ್ ಆಗಿದ್ದವು. ಸಾಹೇಬರು ಒತ್ತಡ ಅಳೆದು, ನಿಡಿದಾಗಿ ಉಸಿರುಬಿಟ್ಟು, ಅಲ್ಲೇ ಬಾನೆಟ್ಟಿನ ಮೇಲೆ ಕಾಗದವಿಟ್ಟು 'ಸೋರಿಕೆ ಸರಿಪಡಿಸಲಾಗಿದೆ' ಎಂದು ಬರೆದರು. ಆಮೇಲೆ ಜನರನ್ನು ತೆಗೆಯಲು ಹೇಳಿದರು.

ಒಂದು ಗಂಟೆ ಹಿಡಿಯಿತು. ಟೀಚರ್ ಹಲಗೆ ದಾಟಿ ಬಂದು, ಮೊದಲು ನೀರು ಕುಡಿದು, ಆಮೇಲೆ ತೀರ್ಪು ಕೊಟ್ಟರು. "ಹನ್ನೆರಡು ಸಲ ಕೇಳಿದೆ. ಮೊದಲನೆಯದು ಬಿಟ್ಟರೆ ಎಲ್ಲೂ ದೋಷವಿಲ್ಲ. ಇವರೇ ಗೆದ್ದರು. ಇನ್ನು ಈ ಜನ್ಮದಲ್ಲಿ ಆ ಹಾಡನ್ನ ನನ್ನೆದುರು ಯಾರೂ ಹಾಡಬಾರದು."

ಬೀದಿ ಚಪ್ಪಾಳೆ ತಟ್ಟಿತು. ಮಾವ ಸೋತ ಮುಖದಿಂದ ಕೈ ಚಾಚಿದರು. ಅಪ್ಪ ಆ ಕೈಯನ್ನು ಹಿಡಿದು ಅದರಲ್ಲಿ ಕಾರಿನ ಕೀಲಿ ಇಟ್ಟರು.

"ಏನಯ್ಯಾ ಇದು?"

"ಗೆದ್ದಿದ್ದು ಮಣ್ಣು, ಭಾವ. ನನ್ನ ಬಾಗಿಲು ಅದುರುತ್ತೆ. ಬೇರೆ ಯಾರಿಗೆ ಕೇಳಿಸದೆ ಇದ್ರೂ ನನಗೆ ಕೇಳಿಸುತ್ತಲ್ಲ." ಸಾಹೇಬರ ಕಡೆಗೂ ತಿರುಗಿದರು. "ಸಾರ್, ಆ ಗುರುತೂ ಬಾಗಿಲಿನದ್ದೇ. ಪೈಪಿನದ್ದಲ್ಲ."

"ಈಗ ಹೇಳಿದ್ರೆ ಹೇಗ್ರೀ?" ಎಂದು ಸಾಹೇಬರು ರೇಗಿದರು. "ವರದಿ ಬರೆದಾಯ್ತಲ್ಲ!"

ಅಮ್ಮ ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೀಲಿಯನ್ನೇ ನೋಡುತ್ತಿದ್ದರು. ಮಾವ ಕೀಲಿ ಹಿಡಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಗುದ್ದಲಿಯ ಏಟು, ಸಲಿಕೆಯ ಗೀರು, ಬಕೆಟ್ಟಿನ ತಗ್ಗು, ಮುರಿದ ದೀಪ, ಸೊಟ್ಟಗಾದ ಬಂಪರ್. ಎರಡನೆಯ ಸುತ್ತು ಬಂದರು. ಕಾರಿನಲ್ಲಿ ಅಂಗೈಯಗಲ ಸಪಾಟಾದ ಜಾಗ ಅವರಿಗೆ ಸಿಗಲಿಲ್ಲ.

"ಅಲ್ಲಯ್ಯಾ," ಎಂದರು ಕೊನೆಗೆ, ದನಿ ಇಳಿಸಿ, "ನನ್ನ ಶಾಲೆಯೋರು ಎರಡು ವರ್ಷ ಕಷ್ಟಪಟ್ಟು ಮಾಡಬೇಕಾದ್ದನ್ನ ನೀವೆಲ್ಲ ಸೇರಿ ಐದು ನಿಮಿಷದಲ್ಲಿ ಮುಗಿಸಿದೀರಿ. ಗುದ್ದೋಕೆ ಜಾಗಾನೇ ಉಳಿಸಿಲ್ಲ. ನಾನು ಇದನ್ನ ತಗೊಂಡು ಏನು ಮಾಡ್ಲಿ? ನೀನೇ ಇಟ್ಕೋ."

ಅಪ್ಪ ಕೈ ಚಾಚುವ ಮೊದಲೇ ಅಮ್ಮ ನಡುವಿನಿಂದ ಕೀಲಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದರು. ಆ ದಿನದಿಂದ ಅದು ಅಲ್ಲೇ ಇದೆ.

ಅಪ್ಪನಿಗೆ ಅದರ ಕಡೆ ಗಮನವಿರಲಿಲ್ಲ. ಅವರು ಮಾವನ ಕಾರಿನ ಹತ್ತಿರ ಹೋಗಿ, ಬಾಗಿಲಿಗೆ ಬೆರಳಿನಿಂದ ಎರಡು ಸಲ ಕುಟ್ಟಿ, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

"ಭಾವ, ನಿಮ್ಮ ಬಾಗಿಲು ಬಲು ಗಟ್ಟಿ. ಒಂದೇ ಒಂದು ದಿನ ಇದನ್ನ ನನ್ನ ಹತ್ರ ಬಿಟ್ಟುಹೋಗಿ. ಸ್ಪೀಕರ್ ಬದಲಾಯಿಸಿ ಕೊಡ್ತೀನಿ."

ಮಾವ ಇಪ್ಪತ್ತೆರಡು ವರ್ಷಗಳಿಂದ ಸಾವಿರಾರು ಜನರಿಗೆ ಕಲಿಸಿದ್ದು ಒಂದೇ ಪಾಠ: ಮೊದಲು ಬೆಲ್ಟು, ಆಮೇಲೆ ಕನ್ನಡಿ, ಆಮೇಲೆ ಸಿಗ್ನಲ್ಲು, ಎಲ್ಲಾ ನೋಡಿಕೊಂಡು ನಿಧಾನವಾಗಿ ಹೊರಡಬೇಕು. ಅವತ್ತು ಬೆಲ್ಟು ಹಾಕಲಿಲ್ಲ, ಕನ್ನಡಿ ನೋಡಲಿಲ್ಲ, ಸಿಗ್ನಲ್ಲೂ ಕೊಡಲಿಲ್ಲ. ಧೂಳೆಬ್ಬಿಸಿಕೊಂಡು ಹೊರಟ ಅವರ ಕಾರು ಬೀದಿಯ ತಿರುವಿನಲ್ಲಿ ಮರೆಯಾದಾಗ, ಅತ್ತೆ ಇನ್ನೂ ನಮ್ಮ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದರು.